ಒಂದು ಒಣದ್ರಾಕ್ಷಿಯನ್ನು ಐದು ನಿಮಿಷ ನೋಡುವುದು

ಠಾಣೆ ಶಹರದಿಂದ ಬೇಲಾಪುರದವರೆಗೆ ಹುಡುಕಿದರೂ ನನ್ನ ನೆಗೆಣ್ಣಿಯಂಥವಳು ಇನ್ನೊಬ್ಬಳು ಸಿಗುವುದಿಲ್ಲ. ಸಿಗದಿರುವುದೇ ಒಳ್ಳೆಯದು. ಈ ಒಬ್ಬಳನ್ನು ತಾಳಿಕೊಂಡೇ ನನ್ನ ತಲೆ ಬೆಳ್ಳಗಾಗಿದೆ!

ಅವಳು ನನ್ನ ಮೈದುನನ ಹೆಂಡತಿ. ನಾನು ಠಾಣೆಯ ಕೋಪರಿಯಲ್ಲಿ, ಅವಳು ಘಣಸೋಲಿಯಲ್ಲಿ ಮಗ-ಸೊಸೆಯ ಜೊತೆ. ವಾಶಿಯ ಮಂಡಿಯಲ್ಲಿ ಇಪ್ಪತ್ತೈದು ವರ್ಷ ಒಣದ್ರಾಕ್ಷಿ ಆರಿಸಿದಳು. ಉದ್ದನೆಯದು, ಬಂಗಾರದ ಬಣ್ಣದ್ದು ಒಂದನೇ ನಂಬರು. ಚುಕ್ಕೆ ಬಿದ್ದದ್ದು ಎರಡನೇ ನಂಬರು. ತೊಟ್ಟು ಬಿಡದ್ದು, ಮುರುಟಿದ್ದು, ಎಲ್ಲ ಕಡ್ಡಿ. ಮನೆಗೆ ಬಂದರೆ ಕೈ ನಿಲ್ಲುತ್ತಿತ್ತು, ಬಾಯಿ ನಿಲ್ಲಬೇಕಲ್ಲ? ಮನುಷ್ಯರನ್ನೂ ಆರಿಸುತ್ತಿದ್ದಳು. ಮಗನಿಗೆ ಹೆಣ್ಣು ನೋಡಲು ಹೋದಾಗ, “ಹುಡುಗಿ ಒಂದನೇ ನಂಬರ್. ಅಪ್ಪ ಮಾತ್ರ ಬರೇ ಕಡ್ಡಿ” ಎಂದು ಅಪ್ಪನ ಎದುರಿಗೇ ಹೇಳಿದಳು. ಮದುವೆಯೇನೋ ಆಯಿತು. ಆ ಬೀಗರು ಇಂದಿಗೂ ಅವಳ ಮನೆಯಲ್ಲಿ ನೀರು ಮುಟ್ಟಿಲ್ಲ.

ನಾನು? ನಲವತ್ತು ವರ್ಷದಿಂದ ಎರಡನೇ ನಂಬರು.

ಮಂಡಿಗೆ ದ್ರಾಕ್ಷಿ ಆರಿಸುವ ಯಂತ್ರ ಬಂತು. ಇವಳನ್ನು ಮನೆಗೆ ಕಳಿಸಿದರು. ಮೊದಲ ವಾರ ಯಂತ್ರವನ್ನು ಬೈದಳು, ಎರಡನೇ ವಾರ ಮಾಲೀಕನನ್ನು. ಆಮೇಲೆ ಯಾರನ್ನೂ ಬೈಯಲಿಲ್ಲ. ಗೋಡೆಗೆ ಮುಖ ಮಾಡಿ ಕೂತಳು. ರೊಟ್ಟಿ ಮುಂದಿಟ್ಟರೆ ಒಂದು ತುಣುಕು ಮುರಿದು, ಉಳಿದದ್ದನ್ನು ತಾಟಿನಲ್ಲೇ ಬಿಡುತ್ತಿದ್ದಳು.

ಅದೇ ದಿನಗಳಲ್ಲಿ ನನ್ನ ಕನ್ನಡಕದ ಕಾಲು ಮುರಿದಿತ್ತು, ಅದಕ್ಕೆ ಕೆಂಪು ದಾರ ಸುತ್ತಿಕೊಂಡು ಅವಳನ್ನು ನೋಡಲು ಹೋದೆ. ಅವಳು ನನ್ನ ಮುಖ ನೋಡಿದಳು, ಏನೂ ಅನ್ನಲಿಲ್ಲ. ನನಗೆ ಹೆದರಿಕೆಯಾದದ್ದು ಆಗ. ಆ ದಾರವನ್ನು ಕಂಡೂ ಸುಮ್ಮನಿದ್ದಾಳೆ ಎಂದರೆ ಇವಳು ಉಳಿಯುವವಳಲ್ಲ ಎನ್ನಿಸಿತು.

ಡಾಕ್ಟರು ಗುಳಿಗೆ ಬರೆದರು. ಜೊತೆಗೆ, ಮನಸ್ಸು ಬಾಡಿದ ಮುದುಕರಿಗೆಂದೇ ಘಣಸೋಲಿಯಲ್ಲಿ ಎಂಟು ಮಂಗಳವಾರ ಒಂದು ಕ್ಲಾಸು ನಡೆಯುತ್ತದೆ, ಕರೆದುಕೊಂಡು ಹೋಗಿ ಎಂದರು. ಮಗ-ಸೊಸೆಗೆ ಡ್ಯೂಟಿ. ಹಾಗಾಗಿ ಕೈ ಹಿಡಿದು ಎಳೆದುಕೊಂಡು ಹೋಗುವ ಕೆಲಸ ನನಗೆ ಬಂತು.

ಮೊದಲ ಮಂಗಳವಾರ ಕಣ್ಣು ಮುಚ್ಚಿ ಉಸಿರು ನೋಡಿರಿ ಎಂದರು. ಉಸಿರಿನಲ್ಲಿ ನೋಡುವುದೇನಿದೆ? ಒಳಗೆ ಹೋಗುತ್ತದೆ, ಹೊರಗೆ ಬರುತ್ತದೆ. ನಾನು ನಿದ್ದೆ ಹೋದೆ. ಪಕ್ಕದ ಅಜ್ಜ ನನಗಿಂತ ಮೊದಲು ಹೋದ, ಗೊರಕೆಯನ್ನೂ ಹೊಡೆದ. ಇವಳು ಮಾತ್ರ ಗೋಡೆಯ ಹಾಗೆ ಕೂತಿದ್ದಳು.

ಎರಡನೇ ಮಂಗಳವಾರ ಟೀಚರು ಪ್ರತಿಯೊಬ್ಬರ ಅಂಗೈಗೂ ಒಂದೊಂದು ಒಣದ್ರಾಕ್ಷಿ ಹಾಕಿದಳು. ಚಿಕ್ಕ ವಯಸ್ಸಿನ ಮರಾಠಿ ಹುಡುಗಿ. ಹಿಂದಿಯಲ್ಲಿ ಹೇಳಿದಳು: ಐದು ನಿಮಿಷ ಇದನ್ನೇ ನೋಡಿ. ಜನ್ಮದಲ್ಲಿ ಮೊದಲ ಸಲ ನೋಡುತ್ತಿದ್ದೀರಿ ಅಂದುಕೊಳ್ಳಿ.

ಯಾರಿಗೆ ಹೇಳುತ್ತಿದ್ದಾಳೆ ನೋಡಿ!

ನೆಗೆಣ್ಣಿ ಅಂಗೈ ನೋಡಿಕೊಂಡಳು. ಬೆರಳಲ್ಲಿ ಒಮ್ಮೆ ಹೊರಳಿಸಿದಳು. ಎಷ್ಟೋ ತಿಂಗಳ ಮೇಲೆ ಬಾಯಿ ಬಿಟ್ಟಳು.

“ಇದು ಹ್ವಾದ ವರ್ಷದ ಮಾಲು.”

ಅದನ್ನು ನಾನು ಟೀಚರಿಗೆ ಹಿಂದಿಯಲ್ಲಿ ಹೇಳಿದೆ. ಟೀಚರು ನಕ್ಕು, “ಆಜಿ, ಒಳ್ಳೆಯದು ಕೆಟ್ಟದ್ದು ಅನ್ನಬಾರದು, ಬರೀ ನೋಡಬೇಕು” ಎಂದಳು.

“ನೋಡಿದ್ರ ಗೊತ್ತಾಗ್ತದಲ್ಲ? ಗೊತ್ತಾದ್ ಮ್ಯಾಲೆ ಅನ್ನಬಾರ್ದಂದ್ರ ಹ್ಯಾಂಗ?” ಎನ್ನುತ್ತಲೇ ಎದ್ದಳು. ಸಾಲಾಗಿ ಎಲ್ಲರ ಅಂಗೈ ತಪಾಸಣೆ ಮಾಡಿದಳು. ಗೊರಕೆಯ ಅಜ್ಜನ ಕೈಯಿಂದ ಕಿತ್ತುಕೊಂಡು, “ಇದರಾಗ ಕಡ್ಡಿ ಅದ. ಹಲ್ಲಿಲ್ಲ ನಿನಗ, ಗಂಟಲಿಗೆ ಸಿಗ್ತದ” ಎಂದಳು. ಅಜ್ಜನಿಗೆ ಕನ್ನಡ ಬರುವುದಿಲ್ಲ. ಆದರೂ ಹೆದರಿ ಎರಡೂ ಕೈ ಚಾಚಿದ.

ಮುಂದಿನ ವಾರ ಟೀಚರು ಒಂದು ಕಿಲೋ ದ್ರಾಕ್ಷಿ ತಂದು ಇವಳ ಮುಂದೆ ಸುರಿದಳು. ಹನ್ನೊಂದು ಮಂದಿ ಮುದುಕರು ಸುತ್ತ ಕೂತು ಆರಿಸಿದರು. ಯಾರೂ ನಿದ್ದೆ ಹೋಗಲಿಲ್ಲ, ಗಂಟೆ ಹೊಡೆದರೂ ಏಳಲಿಲ್ಲ. ಟೀಚರು ಆರಿಸಿದ್ದನ್ನು ನೋಡಿ ಇವಳು, “ನಿನಕಿಂತ ಆ ಯಂತ್ರಾನೇ ಪಾಡ ಇತ್ತು” ಎಂದಳು. ಆ ರಾತ್ರಿ ಎರಡು ರೊಟ್ಟಿ ತಿಂದಳು ಎಂದು ಸೊಸೆ ಫೋನ್ ಮಾಡಿದಳು.

ನಡೆಯುವಾಗ ನಡೆಯುತ್ತಿದ್ದೇನೆ ಎಂಬುದು ಗೊತ್ತಿರಬೇಕು ಎಂಬ ಪಾಠವೂ ಆಯಿತು. ನನ್ನನ್ನು ಗಾಡಿ ಹತ್ತಿಸಲು ಸ್ಟೇಷನ್ನಿಗೆ ಬಂದವಳು ಹಿಮ್ಮಡಿ, ಬೆರಳು, ಹಿಮ್ಮಡಿ, ಬೆರಳು ಎನ್ನುತ್ತ ಮೆಟ್ಟಿಲು ಹತ್ತಿದಳು. ಹಿಂದಿನವರು “ಚಲೋ ಆಂಟಿ, ಚಲೋ” ಎಂದು ಕೂಗಿದರು. ಠಾಣೆಗೆ ಹೋಗುವ ಮೂರು ಗಾಡಿಗಳು ನಮ್ಮ ಕಣ್ಣೆದುರೇ ಹೋದವು. ನಡೆಯುತ್ತಿದ್ದೇವೆ ಎಂಬುದು ನಮ್ಮಿಬ್ಬರಿಗಷ್ಟೇ ಅಲ್ಲ, ಇಡೀ ಘಣಸೋಲಿಗೆ ಗೊತ್ತಾಯಿತು.

ಇಷ್ಟಾದರೂ ನನ್ನನ್ನು ಒಂದು ಮಾತು ಬೈದಿರಲಿಲ್ಲ. ಎಲ್ಲರಿಗೂ ನಂಬರು ಸಿಕ್ಕಿತು, ನನಗಿಲ್ಲ.

ಕಡೆಯ ಮಂಗಳವಾರ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತಿದ್ದೆವು. ಅವಳು ನನ್ನ ಮುಖವನ್ನೇ ನೋಡತೊಡಗಿದಳು.

“ಏನ್ ಹಂಗ ನೋಡಾಕತ್ತೀ?”

“ಸುಮ್ಮ ಕೂಡ ಯಕ್ಕಾ. ಐದ್ ನಿಮಿಷ ಆಗ್ಲಿ.”

ಕೂತೆ. ಒಂದು ಗಾಡಿ ಹೋಯಿತು.

“ಚಸಮಾಕ್ಕ ಆ ದಾರ ಯಾವಾಗಿಂದ ಅದ? ಹುಚ್ಚಿ ಹಂಗ ಕಾಣ್ತೀ. ನಿನಗ ಹೇಳಾವ್ರು ಕೇಳಾವ್ರು ಯಾರೂ ಇಲ್ಲೇನು?”

“ಇದ್ಲು ಒಬ್ಬಾಕಿ. ಊರಿಗಿ ಹೋಗಿದ್ಲು.”

ಅವಳು ನನ್ನ ಮೂಗಿನಿಂದ ಕನ್ನಡಕ ತೆಗೆದು, ಹಳೆಯ ದಾರವನ್ನು ಹಲ್ಲಿನಿಂದ ಹರಿದು, ತನ್ನ ಸೆರಗಿನ ಅಂಚಿನಿಂದ ಒಂದು ಎಳೆ ಎಳೆದು ಬಿಗಿಯಾಗಿ ಕಟ್ಟಿ, ಮತ್ತೆ ನನ್ನ ಮೂಗಿಗೆ ಏರಿಸಿದಳು. ಹಿಂದೆ ಸರಿದು ನೋಡಿದಳು.

“ಎಷ್ಟ್ ನೋಡಿದ್ರೂ ನೀ ಎರಡನೇ ನಂಬರೇ.”

ಠಾಣೆಯ ಗಾಡಿ ಬಂದು ನಿಂತಿತ್ತು. ನಾನು ಏಳಲಿಲ್ಲ.

“ಇನ್ನೊಮ್ಮೆ ಅನ್ನು” ಎಂದೆ.