ದೋಸೆ ಹಿಟ್ಟಿನ ಲಕೋಟೆ

ಮದುವೆಯ ನೂರು ಲಕೋಟೆ ಬಾಕಿಯಿರುವಾಗ ಸರಿಯಾಗಿ ಗೋಂದು ಮುಗಿದುಹೋಯಿತು.

ಸುಧಾಕರ ದೆಹಲಿಯ ಮುನಿರ್ಕಾದಲ್ಲಿ ಇಪ್ಪತ್ತು ವರ್ಷದಿಂದ ದೋಸೆ ಹೋಟೆಲು ನಡೆಸುತ್ತಿದ್ದವನು, ಕೈ ಸ್ವಲ್ಪ ಬಿಗಿ. ಮಗಳ ಮದುವೆಯ ಕಾಗದವನ್ನು ಮನೆಮಂದಿಯೇ ಕೈಯಾರೆ ಮಾಡಬೇಕೆಂದು ಹಟ ಹಿಡಿದವನೂ ಅವನೇ. "ನಿಮ್ಮ ಪಾಲಿನ ನೂರನ್ನೂ ನಾವೇ ಮಾಡಿಕೊಡ್ತೇವೆ" ಎಂದು ಗಂಡಿನ ತಂದೆ ಶಂಕರಪ್ಪನವರ ಮುಂದೆ ಜಂಭ ಕೊಚ್ಚಿದವನೂ ಅವನೇ. ಅವರು ಈ ಸಂಜೆ ಐದಕ್ಕೆ ಒಯ್ಯಲು ಬರುವವರಿದ್ದರು. ಆಗಿಲ್ಲವೆಂದರೆ ಬೀಗರ ಮುಂದೆ ಮುಖ ತೋರಿಸುವುದು ಹೇಗೆ?

"ಪಪ್ಪಾ, ಆ್ಯಪ್‌ನಲ್ಲಿ ಹಾಕಿದ್ರೆ ಗೋಂದ್ ದಸ್ ಮಿನಿಟ್ ಮೇ ಬರ್ತದೆ" ಎಂದಳು ಮಗಳು ನಿರೀಕ್ಷಾ.

"ಗೋಂದಿಗೆ ಡೆಲಿವರಿ ಚಾರ್ಜಾ? ಅಂಟು ಮನೇಲೇ ಇದೆಯಲ್ಲ!"

ಅಂದು ಹೋಟೆಲಿಗೆ ವಾರದ ರಜೆ. ಉಳಿದ ದೋಸೆ ಹಿಟ್ಟು ಪಾತ್ರೆ ತುಂಬ ಅಡುಗೆಮನೆಯಲ್ಲಿತ್ತು.

"ರೀ, ಅದು ಹುಳಿ ಬಂದಿದೆ" ಎಂದು ಹೆಂಡತಿ ಉಮಾವತಿ ಕೂಗಿದಳು.

"ಕಾವಲಿಯನ್ನೇ ಬಿಡದ ಹಿಟ್ಟು, ಕಾಗದ ಬಿಡುತ್ತದಾ?"

ಕಾಗದ ಬಿಟ್ಟಿತು. ಎರಡನೇ ಸಲ ದಪ್ಪವಾಗಿ ಬಳಿದರು, ಮೂರನೇ ಸಲ ಇನ್ನೂ ದಪ್ಪವಾಗಿ. ಮೂರು ಗಂಟೆಯ ಹೊತ್ತಿಗೆ ಪಾತ್ರೆ ಖಾಲಿ, ಲಕೋಟೆಗಳೆಲ್ಲ ಒದ್ದೆ ಮುದ್ದೆ.

ಅಷ್ಟರಲ್ಲಿ ಮೇಲಿನ ಮನೆಯ ಬೋಜಮ್ಮ ಇಳಿದು ಬಂದರು. ನಿವೃತ್ತ ಕರ್ನಲರ ಹೆಂಡತಿ. ಕೇಳದೆಯೂ ಸಲಹೆ ಕೊಡುವುದು ಅವರ ಅಭ್ಯಾಸ.

"ಇಸ್ತ್ರಿ ಹಾಕಿ ಸುಧಾಕರ್. ಐದೇ ನಿಮಿಷ, ಗರಿಗರಿ ಆಗ್ತದೆ" ಎಂದು ತಮ್ಮ ಇಸ್ತ್ರಿಪೆಟ್ಟಿಗೆಯನ್ನೇ ತಂದುಕೊಟ್ಟರು.

ಇಸ್ತ್ರಿಪೆಟ್ಟಿಗೆ ಚುಂಯ್ ಎಂದಿತು. ಹಿಟ್ಟು ಅದರ ತಳಕ್ಕೆ ಹಿಡಿಯಿತು. ಉಮಾವತಿಯ ತಮ್ಮ ಸುಕೇಶ್ ಹೋಟೆಲಿನಲ್ಲಿ ಕಾವಲಿಯ ಮುಂದೆ ನಿಲ್ಲುವವನು. ಅಭ್ಯಾಸಬಲದಿಂದ ಅರ್ಧ ಈರುಳ್ಳಿಯನ್ನು ಎಣ್ಣೆಯಲ್ಲಿ ಅದ್ದಿ ತಂದು ಇಸ್ತ್ರಿಪೆಟ್ಟಿಗೆಯ ತಳಕ್ಕೆ ಸವರಿಬಿಟ್ಟ! ಆಮೇಲೆ ಲಕೋಟೆಗಳು ಸಲೀಸಾಗಿ ಎದ್ದುಬಂದವು. ಅಂಚೆಲ್ಲ ಹೊಂಬಣ್ಣ, ನಡುವೆ ಎಣ್ಣೆಯ ಕಲೆ. ಘಮ ಬೀದಿಯ ತನಕ ಹೋಯಿತು.

"ಭಾಯಿಸಾಬ್, ಆಜ್ ಡೋಸಾ ಪಾರ್ಟಿ ಹೈ ಕ್ಯಾ?" ಎಂದು ಎದುರುಮನೆಯವರು ಇಣುಕಿದರು. ಸುಧಾಕರನಿಗೆ ಅಳುವೊಂದು ಬಾಕಿ.

ಐದಕ್ಕೆ ಸರಿಯಾಗಿ ಬೆಲ್ ಆಯಿತು. ಶಂಕರಪ್ಪನವರು ಹೆಂಡತಿ ಮತ್ತು ನಾಲ್ಕು ಜನ ನೆಂಟರೊಂದಿಗೆ ಬಂದಿದ್ದರು. ಕೂತವರೇ ಕೈ ಹೊಸಕಿಕೊಂಡರು.

"ಬೀಗರೇ, ಹೇಳೋಕೆ ಸಂಕೋಚ. ನಮ್ಮವಳು ತಡೀಲಾರದೆ ಓಖ್ಲಾದ ಪ್ರೆಸ್ಸಲ್ಲಿ ನಮ್ಮ ಪಾಲಿನ ಕಾರ್ಡು ಲಕೋಟೆ ಸಮೇತ ಪ್ರಿಂಟ್ ಮಾಡಿಸಿಬಿಟ್ಟಿದ್ದಾಳೆ. ಬೇಜಾರು ಮಾಡ್ಕೋಬೇಡಿ."

ಬೇಜಾರೇ! ಅವರನ್ನು ಎತ್ತಿ ಕುಣಿಯಬೇಕು ಅನ್ನಿಸಿತು ಸುಧಾಕರನಿಗೆ. ಬೆಳಗಿನಿಂದ ಎದೆಯ ಮೇಲೆ ಕೂತಿದ್ದ ಭಾರ ಒಮ್ಮೆಗೇ ಇಳಿಯಿತು. ಲಕೋಟೆಯ ಬುಟ್ಟಿಯನ್ನು ಕಾಲಿನಿಂದಲೇ ಮಂಚದಡಿಗೆ ತಳ್ಳಿದ.

"ಆದ್ರೂ ಬಂದದ್ದು ಸಾರ್ಥಕ" ಎಂದು ಶಂಕರಪ್ಪನವರು ಮೂಗರಳಿಸಿದರು. "ಎಂಥ ಘಮ! ತಲೆಗೆರಡು ದೋಸೆ ಹಾಕ್ಸಿ."

ಒಳಗೆ ಉಮಾವತಿ ಪಾತ್ರೆಯನ್ನು ಬೋರಲು ಹಿಡಿದು ತೋರಿಸಿದಳು. ಒಂದು ತೊಟ್ಟೂ ಬೀಳಲಿಲ್ಲ. ದೋಸೆ ಹೋಟೆಲಿನವನ ಮನೆಯಲ್ಲಿ ಹಿಟ್ಟಿಲ್ಲ!

ನಿರೀಕ್ಷಾ ಮೆಲ್ಲಗೆ ಮೊಬೈಲು ಮುಂದೆ ಹಿಡಿದಳು. "ಪ್ಯಾಕೆಟ್ ಹಿಟ್ಟು ಇದೆ ಪಪ್ಪಾ. ದಸ್ ಮಿನಿಟ್."

ಪ್ಯಾಕೆಟ್ ಹಿಟ್ಟನ್ನು ಇಪ್ಪತ್ತು ವರ್ಷ ಗಿರಾಕಿಗಳೆದುರು ಬೈದಿದ್ದ ಸುಧಾಕರ ಕಣ್ಣು ಮುಚ್ಚಿಕೊಂಡ. "ಹಾಕು. ಬೆಲ್ ಮಾತ್ರ ಒತ್ತಬೇಡಿ ಅಂತ ಬರಿ."

ಹಿಟ್ಟು ಸದ್ದಿಲ್ಲದೆ ಬಂತು. ದೋಸೆಗಳು ಒಂದರ ಹಿಂದೊಂದು ಹೊರಗೆ ಹೋದವು. ಮರ್ಯಾದೆ ಉಳಿಯಿತೆಂದು ಸುಧಾಕರ ನೆಮ್ಮದಿಯಿಂದ ಬೆವರೊರೆಸಿಕೊಂಡ.

ನಾಲ್ಕನೆಯದನ್ನು ಮುಗಿಸಿದ ಶಂಕರಪ್ಪನವರು ಬೆರಳು ಚೀಪಿದರು. "ನಿಮ್ಮ ಹೋಟೆಲಲ್ಲಿ ಹತ್ತು ಸಲ ತಿಂದಿದ್ದೇನೆ ಬೀಗರೇ. ನಿಜ ಹೇಳ್ಲಾ? ಈ ರುಚಿ ಅಲ್ಲಿಲ್ಲ! ಮದುವೆ ದಿನ ನಮ್ಮ ಕಡೆಯ ಮುನ್ನೂರು ಜನಕ್ಕೂ ಇದೇ ಹಿಟ್ಟು. ನೀವೇ ಕೈಯಾರೆ ಮಾಡ್ಬೇಕು."

ಸುಧಾಕರ ತಲೆಯಾಡಿಸಿದ. ನಿರೀಕ್ಷಾ ಅವನ ಕಿವಿಯ ಹತ್ತಿರ ಬಗ್ಗಿದಳು.

"ಟೆನ್ಷನ್ ಮತ್ ಲೋ ಪಪ್ಪಾ. ಅಷ್ಟು ಆರ್ಡರ್ ಮಾಡಿದ್ರೆ ಡೆಲಿವರಿ ಫ್ರೀ."