ಅನಾನಸ್ ಶ್ರೀಖಂಡದ ಬಗ್ಗೆ ಸಲ್ಲಿಸುವ ವಿವರಣೆ

ಕಚೇರಿಯ ಕಾಗದವನ್ನು ಬಿಟ್ಟು ಬೇರೇನನ್ನೂ ಬರೆದು ಅಭ್ಯಾಸವಿಲ್ಲದ ಮನುಷ್ಯನು ಪ್ರಬಂಧ ಬರೆಯಲು ಕುಳಿತರೆ ಏನಾಗುತ್ತದೆಂಬುದನ್ನು ಮಾನ್ಯ ಓದುಗರು ಈ ಕೆಳಗೆ ಕಾಣಬಹುದಾಗಿದೆ. ಹೈದರಾಬಾದಿನ ಒಂದು ಕೇಂದ್ರ ಸರ್ಕಾರಿ ಉದ್ಯಮದ ಸಿಬ್ಬಂದಿ ವಿಭಾಗದಲ್ಲಿ ಇಪ್ಪತ್ತಾರು ವರ್ಷಗಳಿಂದ ಇತರರ ಕರಡುಗಳನ್ನು ತಿದ್ದುತ್ತ ಬಂದಿರುವ ನನಗೆ, "ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ" ಎಂದು ಆರಂಭಿಸದ ಹೊರತು ಎರಡನೆಯ ವಾಕ್ಯ ಹೊಳೆಯುವುದಿಲ್ಲ. ಇದು ನನ್ನ ಮೊದಲ ಬರಹ. ಮೊದಲ ಪುಟವನ್ನು ನಾಲ್ಕು ಸಲ ಹರಿದುಹಾಕಿದ್ದೇನೆ ಎಂಬುದನ್ನೂ ತಮ್ಮ ಅವಗಾಹನೆಗೆ ತರುತ್ತಿದ್ದೇನೆ. ಆದರೂ ಬರೆಯದೆ ಗತಿಯಿಲ್ಲ. ವಿವರಣೆ ಕೇಳಿದವರು ನನ್ನ ಮನೆಯವರು. ಕಾಲಾವಕಾಶ ಕೋರುವ ಪದ್ಧತಿ ಅವರ ಕಚೇರಿಯಲ್ಲಿಲ್ಲ.

ಮೇಲ್ಕಂಡ ವಿಷಯವೆಂದರೆ ಜೀವಿಗಳ ಮೈಯೊಳಗಿರುವ ಅಣುಗಳು, ಅವುಗಳ ರಚನೆ ಹಾಗೂ ಅವು ನಿರ್ವಹಿಸುವ ಕೆಲಸ. ಐವತ್ತು ವರ್ಷಗಳ ಕಾಲ ನಾನು ಅವುಗಳನ್ನು ವಿಚಾರಿಸಿಕೊಂಡವನಲ್ಲ, ಅವೂ ನನ್ನನ್ನು ವಿಚಾರಿಸಿಕೊಂಡಿರಲಿಲ್ಲ. ಉಂಡದ್ದು ಅರಗುತ್ತಿತ್ತು, ಗಾಯ ಮಾಯುತ್ತಿತ್ತು, ಯಾವ ಅಣುವೂ ಮೇಲುಸಹಿಗೆಂದು ನನ್ನ ಮೇಜಿಗೆ ಬಂದದ್ದಿಲ್ಲ. ಈ ನೆಮ್ಮದಿಯನ್ನು ಕೆಡಿಸಿದವನು ನನ್ನ ಹೆಂಡತಿ ನೀಲಮ್ಮಳ ತಮ್ಮ ಮಲ್ಲಿಕಾರ್ಜುನ. ಬೆಳಗಾವಿ ಕಡೆಯ ಒಂದು ಕಾಲೇಜಿನಲ್ಲಿ ಜೀವರಸಾಯನ ಕಲಿಸುವ ಈ ಪುಣ್ಯಾತ್ಮ, ಯುಗಾದಿಗೆ ಎಂಟು ದಿನವಿರುವಾಗ ಯಾವುದೋ ಸಮ್ಮೇಳನದ ನಿಮಿತ್ತ ಕಾಚಿಗೂಡದಲ್ಲಿ ರೈಲಿಳಿದು ನಮ್ಮ ಕ್ವಾರ್ಟರ್ಸಿಗೆ ಬಂದ. ಸಮ್ಮೇಳನ ಎರಡು ದಿನದ್ದು. ಅವನು ಉಳಿದದ್ದು ಆರು ದಿನ. ಸಮ್ಮೇಳನದಲ್ಲಿ ಅವನಿಗೆ ಮಾತಾಡಲು ಕೊಟ್ಟ ಸಮಯ ಹತ್ತು ನಿಮಿಷವಂತೆ. ಮಿಕ್ಕಿದ್ದನ್ನೆಲ್ಲ ನಮ್ಮ ಅಡುಗೆಮನೆಯಲ್ಲಿ ಮಂಡಿಸಿದ.

ನೀಲಮ್ಮ ಜೋಳದ ಹಿಟ್ಟಿಗೆ ಕುದಿಯುವ ನೀರು ಸುರಿದು ರೊಟ್ಟಿಗೆ ನಾದುತ್ತಿದ್ದರೆ ಪಕ್ಕದಲ್ಲಿ ನಿಂತು ಭಾಷಣ: "ಅಕ್ಕಾ, ಗೋಧಿಯೊಳಗ ಹಿಡಕೊಳ್ಳೋ ಪ್ರೋಟೀನ್ ಇರತೈತಿ, ಜೋಳದಾಗ ಅದಿಲ್ಲ. ಕುದಿನೀರು ಬಿದ್ದರ ಪಿಷ್ಟ ಉಬ್ಬಿ ಅಂಟಾಗತೈತಿ. ಅದಕ್ಕ ನಿನ್ನ ರೊಟ್ಟಿ ಹರಿಯೂದಿಲ್ಲ."

"ಅದು ನಮ್ಮವ್ವಗೂ ಗೊತ್ತಿತ್ತಲ್ಲೋ ಮಲ್ಲು, ಪಗಾರ ಇಲ್ಲದನ," ಎಂದಳು ನೀಲಮ್ಮ, ತಲೆಯೆತ್ತದೆ.

ಇಂಥ ಉತ್ತರ ಸಿಕ್ಕಿದ ಮೇಲೆ ಮಾನವಂತನಾದವನು ಸುಮ್ಮನಾಗುತ್ತಾನೆ. ಮಲ್ಲು ನನ್ನ ಕಡೆ ತಿರುಗಿದ. ನನ್ನ ತಾಟಿನಲ್ಲಿದ್ದ ಅನ್ನ, ನಾನು ಉಟ್ಟಿದ್ದ ಧೋತರ ಎರಡೂ ಒಂದೇ ಸಕ್ಕರೆಯ ಕೊಂಡಿಗಳಿಂದಾದ ಸರಪಳಿಯಂತೆ. ಕೊಂಡಿ ಬೆಸೆದಿರುವ ದಿಕ್ಕು ಬೇರೆಯಾದ್ದರಿಂದ ಒಂದು ಹೊಟ್ಟೆಯಲ್ಲಿ ಅರಗುತ್ತದಂತೆ, ಇನ್ನೊಂದು ಅರಗುವುದಿಲ್ಲವಂತೆ. ಹಾಗಿದ್ದಲ್ಲಿ ನಾಳೆ ಇವನ ಎಲೆಗೆ ಧೋತರದ ಒಂದು ಚುಂಗನ್ನು ಬಡಿಸಿ ಸಾರು ಹಾಕಬೇಕೆಂದು ನಾನು ಸೂಚಿಸಿದೆ. ಅವನು ನಕ್ಕ. ಕಲಿಸುವವರಿಗೆ ಅವಮಾನವಾಗುವುದೇ ಇಲ್ಲ; ಬೆಂಚುಗಳ ಮುಂದೆ ಮಾತಾಡಿ ಮಾತಾಡಿ ಚರ್ಮ ದಪ್ಪವಾಗಿರುತ್ತದೆ. ಪ್ರೋಟೀನ್ ಎಂದರೆ ಮಣಿಸರವಂತೆ, ಆ ಸರ ತನ್ನಷ್ಟಕ್ಕೆ ಮಡಚಿಕೊಂಡು ಒಂದು ಆಕಾರ ತಾಳುತ್ತದಂತೆ, ಆಕಾರವಿದ್ದರಷ್ಟೇ ಕೆಲಸವಂತೆ. "ಆಕಾರ ಹೋತೋ, ಕೆಲಸನೂ ಹೋತು ಮಾಮಾ. ತತ್ತಿ ಕುದಿಸಿದ್ರ ಬೆಳ್ಳಗ ಗಟ್ಟಿ ಆಗೂದಿಲ್ಲೇನ್ರಿ? ಮತ್ತ ಅದನ್ನ ಹಸಿ ತತ್ತಿ ಮಾಡಾಕ ಬರತೈತೇನು?"

"ಈ ಮನಿಯಾಗ ತತ್ತಿ ಹೆಸರು ಎತ್ತಬ್ಯಾಡ," ಎಂದು ಒಳಗಿನಿಂದ ಆಜ್ಞೆ ಬಂತು.

ಆಕಾರಕ್ಕೂ ಕೆಲಸಕ್ಕೂ ಸಂಬಂಧವಿದೆಯೆಂಬ ವಾದವನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ನಮ್ಮ ಆಡಳಿತಾಧಿಕಾರಿಗಳಿಗೆ ಭವ್ಯವಾದ ಆಕಾರವಿದೆ, ಅವರು ಕೆಲಸ ಮಾಡಿದ್ದನ್ನು ಕಂಡವರಿಲ್ಲ. ಇನ್ನು ಕಿಣ್ವ ಎಂಬ ವಸ್ತುವೊಂದಿದೆಯಂತೆ. ಅದಕ್ಕೆ ಒಂದೇ ಕೆಲಸ: ಕತ್ತರಿಸುವುದಾದರೆ ಕತ್ತರಿಸುವುದು, ಜೋಡಿಸುವುದಾದರೆ ಜೋಡಿಸುವುದು. ಎಷ್ಟು ಮಾಡಿದರೂ ತಾನು ಸವೆಯುವುದಿಲ್ಲವಂತೆ. ಒಂದೇ ಕೆಲಸ ಬಲ್ಲವರು, ಬೇಡವೆಂದರೂ ಅದನ್ನೇ ಮಾಡುವವರು, ತಾವು ಮಾತ್ರ ಎಳ್ಳಷ್ಟೂ ಸವೆಯದವರು ನಮ್ಮ ವಿಭಾಗದಲ್ಲೇ ನಾಲ್ವರಿದ್ದಾರೆ. ಅವರನ್ನು ನೋಡಲೆಂದು ಯಾರೂ ಸಮ್ಮೇಳನ ಕರೆದಿಲ್ಲ.

ಇಲ್ಲಿ ನನ್ನದೊಂದು ಅಭ್ಯಾಸವನ್ನು ದಾಖಲಿಸುವುದು ಅಗತ್ಯವಾಗಿದೆ. ನಮ್ಮ ವಿಭಾಗದಲ್ಲಿ ಮೇಜಿಗೆ ಬಂದ ಯಾವ ಕಾಗದವೂ "ನೋಡಿದೆ" ಎಂಬ ಶರಾ ಮತ್ತು ಚಿಕ್ಕ ಸಹಿ ಇಲ್ಲದೆ ಮುಂದೆ ಹೋಗಕೂಡದು. ದಿನಕ್ಕೆ ನೂರು ಕಾಗದ ಬಂದರೆ ನೂರನ್ನೂ ಓದುತ್ತ ಕೂರುವವನು ಮಧ್ಯಾಹ್ನದ ಡಬ್ಬಿ ಬಿಚ್ಚುವುದು ಯಾವಾಗ? ಮೇಜಿನ ಮೇಲೆ ಕಾಗದವಿದೆಯೆಂದು ಕಣ್ಣು ಒಪ್ಪಿಕೊಂಡರೆ ಕೈ ತಾನಾಗಿ ಶರಾ ಬರೆಯುತ್ತದೆ. ಕಾಲಕ್ರಮೇಣ ಈ ಪದ್ಧತಿ ಮನೆಗೂ ಬಂತು. ಕಿರಾಣಿ ಪಟ್ಟಿಯ ಮೇಲೆ "ನೋಡಿದೆ", ಮಗಳ ಅಂಕಪಟ್ಟಿಯ ಮೇಲೆ "ನೋಡಿದೆ". ನಮ್ಮ ದೊಡ್ಡಪ್ಪನ ಮಗನ ಲಗ್ನಪತ್ರಿಕೆಯ ಮೇಲೂ ಹಾಗೆಯೇ ಬರೆದು ಗೋಡೆಯ ಕ್ಲಿಪ್ಪಿಗೆ ಸಿಕ್ಕಿಸಿದ್ದರಿಂದ ಆ ಲಗ್ನ ನಮ್ಮನ್ನು ಬಿಟ್ಟೇ ನೆರವೇರಿತು. ಅದಕ್ಕಾಗಿ ಚುಚ್ಚುಮಾತುಗಳನ್ನು ಇಂದಿಗೂ ಕೇಳುತ್ತಿದ್ದೇನೆ.

ಈಗ ಮುಖ್ಯ ಸಂಗತಿಗೆ ಬರುತ್ತೇನೆ. ನಮ್ಮ ಕಾಲೊನಿಯಲ್ಲಿರುವ ಕನ್ನಡದ ಮನೆಗಳದ್ದೊಂದು, ಆಗಾಗ ಸಂಚಿಕೆಯನ್ನೂ ಅಚ್ಚು ಹಾಕಿಸುವ ಬಳಗವಿದೆ. ಅದರ ಕಾರ್ಯದರ್ಶಿ ನಾನು, ಅಧ್ಯಕ್ಷರು ನಿವೃತ್ತರಾದ ಪಾಟೀಲರು. ಪ್ರತಿ ಯುಗಾದಿಗೂ ಎಲ್ಲರೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರುತ್ತಾರೆ, ಒಂಬತ್ತು ವರ್ಷಗಳಿಂದ ಆ ಊಟಕ್ಕೆ ಶ್ರೀಖಂಡ ನೀಲಮ್ಮಳದು. ಮೊಸರನ್ನು ಅರಿವೆಯಲ್ಲಿ ಕಟ್ಟಿ ನೀರಿಳಿಸಿ, ಉಳಿದ ಗಟ್ಟಿ ಚಕ್ಕಾವನ್ನು ಸಕ್ಕರೆಯೊಂದಿಗೆ ಜಾಳಿಗೆಯಲ್ಲಿ ತಿಕ್ಕಿ, ಏಲಕ್ಕಿ, ಕೇಸರಿ ಬೆರೆಸಿ ಅವಳು ಮಾಡುವುದನ್ನು ಉಂಡವರು ಮನೆಗೆ ಹೋಗುವಾಗ ಅವಳ ಹೆಸರು ಹೇಳಿ ಹೋಗುತ್ತಾರೆ. ಆದರೆ ಈ ವರ್ಷ ಸಭೆಯಲ್ಲಿ ಕೆಲವರು, ಕೆಲಸಕ್ಕೆ ಬೆನ್ನು ತೋರಿಸುವುದರಲ್ಲಿ ಪಳಗಿದವರು, ಸಿಕಂದರಾಬಾದಿನ ಅಂಗಡಿಯಿಂದ ಸಿಹಿ ತರಿಸೋಣವೆಂದರು. ಪಾಟೀಲರು ಎರಡೂ ಕಡೆ ತಲೆಯಾಡಿಸಿ ತೀರ್ಪು ಕೊಟ್ಟರು: "ಇದೊಂದು ವರ್ಷ ನೀಲಕ್ಕಾರ ಮಾಡ್ಲಿ. ಹೆಂಗಾಗತೈತಿ ನೋಡೂಣು, ಮುಂದಿಂದು ಆಮ್ಯಾಲ ಠರಾಯಿಸಿದ್ರಾತು."

ನೀಲಮ್ಮ ಆ ಸಂಜೆ ನನಗೆ ಹೇಳಿದ್ದು ಇಷ್ಟು: "ಈ ಊರಾಗ ವರ್ಷಪೂರ್ತಿ ನಾ ಸಾಹೇಬ್ರ ಮನಿಯವ್ರು. ಆ ಒಂದ ದಿವಸ ನೀಲಕ್ಕ. ಅದನ್ನ ಕೆಡಸಬ್ಯಾಡ್ರಿ."

ಕೆಡಿಸುವ ಉದ್ದೇಶ ನನಗಿರಲಿಲ್ಲ, ಸುಧಾರಿಸುವ ಉದ್ದೇಶವಿತ್ತು. ಕಚೇರಿಗಳಲ್ಲಿ ಹಾನಿಯೆಲ್ಲ ನಡೆಯುವುದು ಈ ಉದ್ದೇಶದಿಂದಲೇ. ಅಂಗಡಿಯವನನ್ನು ಸೋಲಿಸಬೇಕಾದರೆ ಹೊಸತೇನಾದರೂ ಇರತಕ್ಕದ್ದು ಎಂದು ಯೋಚಿಸಿ, ಮೊಜಂಜಾಹಿ ಮಾರ್ಕೆಟ್ಟಿಗೆ ಸ್ಕೂಟರಿನಲ್ಲಿ ಹೋದೆ. ಅಲ್ಲಿ ಹಣ್ಣಿನವನು ಅನಾನಸ್ಸಿನ ಹೋಳೊಂದನ್ನು ನನ್ನ ಬಾಯಿಗೇ ಹಿಡಿದು "ಶಕ್ಕರ್ ಹೈ ಸಾಬ್, ಶಕ್ಕರ್!" ಎಂದ. ಆರು ಹಣ್ಣು ತಂದೆ. ಅಂದು ಊಟಕ್ಕೆ ಕೂತಾಗ, ಈ ಸಲದ ಶ್ರೀಖಂಡದಲ್ಲಿ ಅನಾನಸ್ ಸೇರತಕ್ಕದ್ದೆಂದು ಘೋಷಿಸಿದೆ. ಮಲ್ಲುವಿನ ಕೈಯ ತುತ್ತು ಅರ್ಧದಲ್ಲಿ ನಿಂತಿತು.

"ಮಾಮಾ, ಅನಾನಸ್ಸಿನ್ಯಾಗ ಒಂದು ಕಿಣ್ವ—"

"ನಿಲ್ಲಿಸು," ಎಂದೆ. ಆರು ದಿನ ಅನ್ನದಲ್ಲಿ ಅಣು, ಧೋತರದಲ್ಲಿ ಅಣು. ಈಗ ನನ್ನ ಹಣ್ಣಿನಲ್ಲೂ ಅಣು. "ಬಾಯಿಮಾತಿನ ಸಲಹೆ ನನ್ನ ಮುಂದೆ ನಡೆಯುವುದಿಲ್ಲ. ಹೇಳುವುದಿದ್ದರೆ ಲಿಖಿತವಾಗಿ ಕೊಡು."

ಅವನು ಕೊಟ್ಟ. ಮರುದಿನ ಕಾಚಿಗೂಡದಲ್ಲಿ, ಗಾಡಿ ಸೀಟಿ ಊದಿದ ಮೇಲೆ, ಕಿಟಕಿಯಿಂದ ಮಡಚಿದ ಕಾಗದವೊಂದನ್ನು ಚಾಚಿ, "ಮಾಮಾ, ಇದೊಂದು ಓದ್ರಿ, ಮರೀಬ್ಯಾಡ್ರಿ," ಎಂದ. ಬಿಚ್ಚಿದೆ. ಕಾಗದವಿತ್ತು. ದಿನಾಂಕವಿರಲಿಲ್ಲ, ವಿಷಯವೆಂಬ ಸಾಲಿರಲಿಲ್ಲ, ಅಕ್ಷರಗಳು ಎಡಕ್ಕೆ ವಾಲಿದ್ದವು. ಇವನ ಕೈಯಲ್ಲಿ ಯಾವ ಮಕ್ಕಳು ಏನು ಕಲಿಯುತ್ತಾರೋ ಎಂದುಕೊಂಡು, ಪ್ಲಾಟ್‌ಫಾರ್ಮಿನ ಕಂಬಕ್ಕೆ ಒತ್ತಿ ಹಿಡಿದು ಅಭ್ಯಾಸಬಲದಿಂದ ಶರಾ ಬರೆದೆ, ಸಹಿ ಹಾಕಿದೆ. ಮನೆಗೆ ಬಂದು ಕ್ಲಿಪ್ಪಿಗೆ ಸಿಕ್ಕಿಸಿದೆ.

"ಏನ ಬರದಾನ್ರಿ ಅಂವ?" ಎಂದು ನೀಲಮ್ಮ ಕೇಳಿದಳು.

"ನೋಡಿದ್ದೇನೆ," ಎಂದೆ. "ಅಡ್ಡಿಯಿಲ್ಲ, ಹಾಕು."

ಅವಳು ನನ್ನ ಮಾತನ್ನು ನಂಬಿದಳು.

ಯುಗಾದಿಯ ದಿನ ಬೆಳಿಗ್ಗೆ ಏಳಕ್ಕೆ ಅನಾನಸ್ಸನ್ನು ಸಣ್ಣಗೆ ಹೆಚ್ಚಿ ಶ್ರೀಖಂಡಕ್ಕೆ ಬೆರೆಸಿದ್ದಾಯಿತು. ಆಗ ರುಚಿ ನೋಡಿದೆ. ಮಾರ್ಕೆಟ್ಟಿನವನು ಹೇಳಿದ್ದು ಸುಳ್ಳಲ್ಲ ಎನ್ನಿಸಿತು. ಒಂದು ಗಂಟೆಗೆ ಪಂಕ್ತಿ ಕೂತಿತು. ಪಾತೇಲಿಯ ಮುಚ್ಚಳ ತೆಗೆದಾಗ, ನಿಲ್ಲಬೇಕಾಗಿದ್ದ ಶ್ರೀಖಂಡ ಹರಿಯುತ್ತಿರುವುದು ಕಂಡುಬಂತು. ನೀಲಮ್ಮ ನನ್ನನ್ನು ನೋಡಿದಳು. ನಾನು ಬಾಳೆಎಲೆಗಳನ್ನು ಎಣಿಸುತ್ತಿದ್ದೆ. ಬಡಿಸಿದ್ದೂ ಆಯಿತು. ಪಾಟೀಲರು ಬೆರಳು ಬಾಯಿಗಿಟ್ಟರು, ಕಣ್ಣು ಮುಚ್ಚಿದರು, ತೆರೆದರು.

"ನೀಲಕ್ಕಾರ, ಬೇವು-ಬೆಲ್ಲ ಮುಂಜಾನೆನ ಆತಲ್ರಿ. ಇದರಾಗೂ ಬೇವು ಹಾಕೀರೇನು?"

ಪಂಕ್ತಿ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನಕ್ಕಿತು. ಪಕ್ಕದ ಕ್ವಾರ್ಟರ್ಸಿನಿಂದ ಅತಿಥಿಯಾಗಿ ಬಂದಿದ್ದ ತೆಲುಗಿನ ಹಿರಿಯರೊಬ್ಬರು ಮಾತ್ರ "ಬಾಗುಂದಂಡಿ, ಚಾಲಾ ಬಾಗುಂದಿ" ಎಂದು ಹೊಗಳುತ್ತ ಅದನ್ನು ಎಲೆಯ ಮಡಿಕೆಯೊಳಕ್ಕೆ ಸರಿಸಿದರು. ಅಂಗಡಿಯ ಪರವಾಗಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು; ಕಹಿಯನ್ನು ಅಷ್ಟು ಸಂತೋಷದಿಂದ ನುಂಗಿದವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಆಗ ಕಾರ್ಯದರ್ಶಿಯಾದ ನಾನು ಎದ್ದು ನಿಂತು, ಹಾಲು ಪೂರೈಸಿದವರ ಕಡೆಯಿಂದ ಗುಣಮಟ್ಟದಲ್ಲಿ ಲೋಪ ಉಂಟಾಗಿರುವಂತೆ ತೋರುತ್ತದೆ, ಈ ಬಗ್ಗೆ ವಿಚಾರಿಸಲಾಗುವುದು ಎಂದು ಹೇಳಿ ಕೂತೆ. ಸೌಟು ಹಿಡಿದು ನಿಂತಿದ್ದ ನೀಲಮ್ಮ ಪಾತೇಲಿಯ ಮುಚ್ಚಳ ಮುಚ್ಚಿದಳು. ಅಂದು ಮನೆಗೆ ಹೋಗುವಾಗ ಯಾರೂ ಅವಳ ಹೆಸರು ಹೇಳಲಿಲ್ಲ.

ಮನೆಗೆ ಬಂದವಳೇ ಗೋಡೆಯ ಕ್ಲಿಪ್ಪಿನಿಂದ ಆ ಕಾಗದವನ್ನು ಕಿತ್ತು, ನನ್ನೆದುರು ನಿಂತು ಗಟ್ಟಿಯಾಗಿ ಓದಿದಳು.

"ಮಾಮಾ, ಹಸಿ ಅನಾನಸ್ ಹಾಕಬ್ಯಾಡ್ರಿ. ಅದರಾಗಿನ ಕಿಣ್ವ ಹಾಲಿನ ಪ್ರೋಟೀನಿನ ಸರಾನ ತುಂಡು ತುಂಡು ಕತ್ತರಿಸತೈತಿ. ಆ ತುಂಡು ಭಾಳ ಕಹಿ. ಶ್ರೀಖಂಡ ನೀರೂ ಆಗತೈತಿ. ಹೋಳು ಹತ್ತು ನಿಮಿಷ ಕುದಿಸಿ ಆರಿಸಿ ಹಾಕ್ರಿ. ಕುದಿಸಿದ್ರ ಕಿಣ್ವದ ಆಕಾರ ಕೆಡತೈತಿ, ಅದರ ಕೆಲಸ ನಿಲ್ಲತೈತಿ. ಅಕ್ಕನ ಹೆಸರಿನ ಮಾತೈತಿ, ಅದಕ್ಕ ಬರದೀನಿ."

ಅದರ ಕೆಳಗೆ ಇದ್ದದ್ದನ್ನೂ ಓದಿದಳು: "ನೋಡಿದೆ." ಆಮೇಲೆ ಕೇಳಿದಳು, "ಇದು ಯಾರ ಸಹಿರಿ?"

"ನನ್ನದೇ."

"ಓದಿ ಹಾಕಿದ್ದೋ, ಹಂಗ ಹಾಕಿದ್ದೋ?"

ಈ ಪ್ರಶ್ನೆಯನ್ನು ಇಪ್ಪತ್ತಾರು ವರ್ಷಗಳಲ್ಲಿ ಯಾವ ಮೇಲಧಿಕಾರಿಯೂ ನನಗೆ ಹಾಕಿರಲಿಲ್ಲ.

"ಇದಕ್ಕ ನಿಮಗ ಪಗಾರ ಬ್ಯಾರೆ ಕೊಡತಾರ," ಎಂದಳು. "ಅಂವ ಕತ್ತರಿಸೂ ಕಿಣ್ವ ಅಂದನಲ್ಲ, ಅನಾನಸ್ಸಿನ್ಯಾಗ ಹುಡುಕೂದ್ಯಾಕ? ಒಬ್ಬರು ಬಾಯಿ ತಗದರ ಸಾಕು, ನಡುವ ಕತ್ತರಿಸ್ತೀರಿ. ಹಾಲಿನಾಂವ ಏನ್ ಪಾಪ ಮಾಡಿದ್ದ? ಯಾವ ಮಂದಿ ಮುಂದ ಎದ್ದು ಅವನ ಮ್ಯಾಲ ಹಾಕಿದ್ರಿ, ಆ ಮಂದೀಗೆಲ್ಲ ಖರೇ ಸಂಗತಿ ಬರದು ಹೇಳ್ರಿ. ಬಳಗದ ಸಂಚಿಕೆಯೊಳಗ ಅಚ್ಚಾಗಬೇಕು."

ಮರುವಾರ ಅವಳೇ ಒಂದು ಸಣ್ಣ ಬಟ್ಟಲಿನಷ್ಟು ಶ್ರೀಖಂಡ ಮಾಡಿದಳು. ಅನಾನಸ್ಸನ್ನು ಕುದಿಸಿ ಆರಿಸಿ ಬೆರೆಸಿ, ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಹಾಗೆಯೇ ಇಟ್ಟು, ನನ್ನ ಮುಂದೆ ಕುಕ್ಕಿದಳು. ಚಮಚ ಊರಿದರೆ ನಿಂತಿತು. ಕಹಿಯ ಸುಳಿವಿರಲಿಲ್ಲ. ಇದಕ್ಕಿಂತ ಕಠಿಣವಾದ ವಿಚಾರಣೆಯನ್ನು ನಾನು ಎದುರಿಸಿಲ್ಲ. ಕಣ್ಣಿಗೆ ಕಾಣದ ಒಂದು ವಸ್ತು, ತನ್ನ ಆಕಾರವಿರುವ ತನಕ ತನ್ನ ಕೆಲಸವನ್ನು ಒಂದು ಬೆಳಗಿನೊಳಗೆ ಪೂರೈಸಿತ್ತು. ಅದನ್ನು ಹೀಯಾಳಿಸಿದ ನಾನು ಒಂದು ಕಾಗದ ಓದುವ ಕೆಲಸವನ್ನು ಪೂರೈಸಿರಲಿಲ್ಲ. ಮಲ್ಲುವಿನ ಬಗ್ಗೆ ಮೇಲೆ ಬರೆದಿರುವುದನ್ನು ಹೊಡೆದುಹಾಕೋಣವೆಂದುಕೊಂಡೆ. ಆದರೆ ಆರು ದಿನ ಉಳಿದದ್ದು ನಿಜವಾದ್ದರಿಂದ ಹಾಗೆಯೇ ಉಳಿಸಿದ್ದೇನೆ.

ಆದುದರಿಂದ ಬಳಗದ ಸಮಸ್ತ ಸದಸ್ಯರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಹಾಲಿನಲ್ಲಿ ಲೋಪವಿರಲಿಲ್ಲ, ನೀಲಕ್ಕನ ಕೈಯಲ್ಲೂ ಲೋಪವಿರಲಿಲ್ಲ. ಬರುವ ವರ್ಷದ ಸಿಹಿಯ ವಿಷಯವನ್ನು ಠರಾಯಿಸುವ ಮುನ್ನ ಇದನ್ನು ಪರಿಗಣಿಸಬೇಕಾಗಿ ಕೋರಿಕೆ. ಇಷ್ಟು ಬರೆದು, ಅಚ್ಚಿಗೆ ಕಳಿಸುವ ಮುಂಚೆ ಒಪ್ಪಿಗೆಗಾಗಿ ಇದನ್ನು ನೀಲಮ್ಮಳ ಮುಂದಿಟ್ಟೆ. ಅವಳು ಹೆಸರುಬೇಳೆ ಆರಿಸುತ್ತಿದ್ದಳು. ಮೊರ ಕೆಳಗಿಟ್ಟು, ನನ್ನ ಕಿಸೆಯಿಂದ ಪೆನ್ನು ತೆಗೆದುಕೊಂಡು, ಒಂದು ಪುಟವನ್ನೂ ತಿರುವದೆ ಕೊನೆಯ ಹಾಳೆಯ ಕೆಳಗೆ "ನೋಡಿದೆ" ಎಂದು ಬರೆದು, ಚಿಕ್ಕದೊಂದು ಸಹಿ ಹಾಕಿ, ಮತ್ತೆ ಮೊರ ಎತ್ತಿಕೊಂಡಳು.