ಹಿಮನಾಡಿನ ಹಣತೆ

ಶುಕ್ರವಾರ ಬೆಳಿಗ್ಗೆ ಸ್ನಾನ ಮುಗಿಸಿ ಬಂದ ಶಿವಪ್ರಕಾಶ ಅಡುಗೆಮನೆ ಬಾಗಿಲಲ್ಲೇ ಕುಸಿದು ಕೂತ. ಗ್ರೀನ್‌ಲೆಂಡಿನ ಹಿಮದಡಿ ಎಂಟುನೂರು ವರ್ಷ ತೆಪ್ಪಗೆ ಮಲಗಿದ್ದ ಇನ್ಯೂಟ್ ಜನರ ಕಲ್ಲಿನ ದೀಪ, ಲಂಡನ್ನಿನ ಕಿಂಗ್ಸ್‌ಬರಿಯ ಅವನ ಫ್ಲಾಟಿನಲ್ಲಿ ಅರಿಶಿನ ಕುಂಕುಮ ಹಚ್ಚಿಕೊಂಡು ತುಪ್ಪದಲ್ಲಿ ಉರಿಯುತ್ತಿತ್ತು.

"ಅತ್ತೀ, ಏನ್ ಮಾಡಿದ್ರಿ ಇದು! ಮ್ಯೂಸಿಯಂ ಸಾಮಾನದು!"

"ದೀಪ ಅಂದಮ್ಯಾಲೆ ಹಚ್ಚಬೇಕ್ರಿ ಅಳಿಯಂದ್ರ," ಅಂದರು ಹುಬ್ಬಳ್ಳಿಯಿಂದ ಮಗಳ ಮನೆಗೆ ಬಂದಿದ್ದ ಪಾರ್ವತೆವ್ವ. "ಶುಕ್ರವಾರ ಖಾಲಿ ಇಡಬಾರದು."

ಅವನ ಮ್ಯೂಸಿಯಂ ಕೆಲಸ ಅಂದರೆ ಭಾರೀ ಏನಲ್ಲ. ಸಾಮಾನುಗಳ ಫೋಟೋ ತೆಗೆದು ಕಂಪ್ಯೂಟರಿಗೆ ಸೇರಿಸುವುದು, ಅದೂ ತಾತ್ಕಾಲಿಕ. ಕಾಯಂ ಮಾಡುತ್ತಾರೋ ಮನೆಗೆ ಕಳಿಸುತ್ತಾರೋ, ಇವತ್ತು ಮಧ್ಯಾಹ್ನ ಅಲ್ಲಿಯ ಮುಖ್ಯಸ್ಥೆ ಡಾಕ್ಟರ್ ಹೆಲೆನ್ ಹೇಳುವವರಿದ್ದರು. ಉಳಿದ ಫೋಟೋ ಮುಗಿಸಿ ಭೇಷ್ ಅನ್ನಿಸಿಕೊಳ್ಳೋಣವೆಂದು ಹಿಂದಿನ ಸಂಜೆ ಯಾರಿಗೂ ಹೇಳದೆ ದೀಪವನ್ನು ಚೀಲದಲ್ಲಿ ಮನೆಗೆ ತಂದಿದ್ದ. ತಂದವನು ಸುತ್ತಿದ ಕಾಗದವನ್ನೂ ಬಿಚ್ಚದೆ ಸುಸ್ತಾಗಿ ಮಲಗಿಬಿಟ್ಟಿದ್ದ. ಮಾಡಬಾರದ್ದು ಮಾಡಿದರೆ ಆಗಬಾರದ್ದು ಆಗುತ್ತದೆ.

ದೀಪ ಆರಿಸಿ ನೋಡಿದರೆ ಒಳಗೆಲ್ಲ ಕರ್ರಗೆ ಮಸಿ, ಜಿಡ್ಡು. ಅವನ ಅರಚಾಟಕ್ಕೆ ಕೆಳಗಿನ ಫ್ಲಾಟಿನ, ನಮ್ಮ ಕರಾವಳಿ ಕಡೆಯ ವಿಲ್‌ಫ್ರೆಡ್ ಓಡಿ ಬಂದರು.

"ಹುಣಸೆಹುಳಿ ಹಾಕಿ ತಿಕ್ಕಿ ಮಾರಾಯ್ರೆ! ನಮ್ಮ ಅಮ್ಮನ ಕಂಚಿನ ಪಾತ್ರೆ ಫಳಫಳ ಹೊಳೀತಿತ್ತು."

ಪಕ್ಕದ ಮನೆಯ ಸಿರಿಶಾ ಸೋಡಾಪುಡಿ ತಂದಳು. "ಬಿಸಿನೀರಲ್ಲಿ ನೆನೆಹಾಕಿ ಸಾರ್. ನಮ್ಮ ಕುಕ್ಕರ್ ತಳ ಹಂಗೇ ಬಿಟ್ಕೊಳ್ತು."

ಪಾರ್ವತೆವ್ವ ಊರಿಂದ ತಂದ ತೆಂಗಿನ ನಾರು ಕೊಟ್ಟರು. ಶಿವಪ್ರಕಾಶ ತಿಕ್ಕಿದ, ತೊಳೆದ, ಮತ್ತೆ ತಿಕ್ಕಿದ. ರಟ್ಟೆ ಬಿದ್ದುಹೋಯಿತು. ಒಂದು ಹೊತ್ತಿನ ದೀಪಕ್ಕೆ ಇಷ್ಟೊಂದು ಮಸಿ ಹಿಡಿಯುತ್ತದೆಯೇ ಎಂದು ಯೋಚಿಸುವ ತ್ರಾಣವೂ ಪಾಪ, ಅವನಲ್ಲಿ ಉಳಿದಿರಲಿಲ್ಲ. ಕೊನೆಗೆ ಕಲ್ಲು ಸುಲಿದ ಬಾಳೆಹಣ್ಣಿನಂತಾಯಿತು. ಮತ್ತೆ ಕಾಗದ ಸುತ್ತಿ, ಟ್ಯೂಬ್ ರೈಲಿನಲ್ಲಿ ಅದನ್ನು ಎದೆಗವಚಿಕೊಂಡು, ನಿಂತಲ್ಲೇ ತೂಕಡಿಸುತ್ತಾ ಆಫೀಸು ಮುಟ್ಟಿದ.

ಡಾಕ್ಟರ್ ಹೆಲೆನ್ ಕಾಗದ ಬಿಚ್ಚಿದರು. ದೀಪವನ್ನು ಬೆಳಕಿಗೆ ಹಿಡಿದು ಒಳಗೆಲ್ಲ ಬೆರಳಾಡಿಸಿದರು.

"ಇದರ ಮಸಿ ಎಲ್ಲಿ?"

"ಮಸಿ... ಮೇಡಂ?"

"ಎಂಟುನೂರು ವರ್ಷದ ಮಸಿ! ಆ ಜನ ಸೀಲ್ ಪ್ರಾಣಿಯ ಕೊಬ್ಬು ಉರಿಸುತ್ತಿದ್ದರೋ ತಿಮಿಂಗಿಲದ್ದೋ, ಅದರಲ್ಲೇ ಗೊತ್ತಾಗಬೇಕಿತ್ತು. ಸೋಮವಾರ ಲ್ಯಾಬಿಗೆ ಹೋಗಬೇಕಿತ್ತು!"

"ಮನೇಲಿ ಸ್ವಲ್ಪ ತುಪ್ಪ ಬಿದ್ದಿತ್ತು ಮೇಡಂ, ಅದಕ್ಕೇ..."

"ತುಪ್ಪ ಯಾವುದು, ಹಳೇ ಕೊಬ್ಬು ಯಾವುದು ಅಂತ ಲ್ಯಾಬಿನವರು ಹೇಳುತ್ತಿದ್ದರು. ಹಾಗೇ ತಂದಿದ್ದರೂ ನಡೆಯುತ್ತಿತ್ತು!" ಹೆಲೆನ್ ಕಣ್ಣು ಮುಚ್ಚಿಕೊಂಡರು. "ಸೋಮವಾರದಿಂದ ನೀವು ಬರುವುದು ಬೇಡ."

ಸಂಜೆ ಮನೆಗೆ ಬಂದು ಶೂ ಕೂಡ ಬಿಚ್ಚದೆ ಸೋಫಾದ ಮೇಲೆ ಬಿದ್ದುಕೊಂಡ. "ಕೆಲಸ ಹೋತ್ರಿ ಅತ್ತಿ."

ಪಾರ್ವತೆವ್ವ ನಿಟ್ಟುಸಿರು ಬಿಟ್ಟರು.

"ಹೋಗದ ಏನ್ ಮಾಡ್ತದ್ರಿ? ನಿಮ್ಮ ಕೆಲಸ ಕಾಯಂ ಆಗ್ಲಿ ಅಂತ ಬೇಡಿಕೊಂಡು ಹಚ್ಚಿದ ದೀಪ ಅದು. ನೀವಽ ಆರಿಸಿದ್ರಿ."